ಅಮ್ಮನಿಗೆ ಕರೆಂಟ್ ಯಾಕೆ, ಮಗಳಿಗೊಂದು ಪತ್ರ

ಪುಟ್ಟಿ,

ಗೆಡ್ಡೆ ಪೂರ್ತಿ ತೆಗೆದಾಯ್ತಲ್ಲ ಅಪ್ಪ, ಮತ್ಯಾಕೆ ಕರೆಂಟ್ (ರೇಡಿಯೇಶನ್) ಕೊಡಬೇಕು ಅಂತ ಫೋನಿನಲ್ಲಿ ಅತ್ತುಬಿಟ್ಟೆ. ಆಗ ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನದು ಗ್ಲಿಯೋಬ್ಲಾಸ್ಟೋಮಾ ಅನ್ನೋ ಮಿದುಳಿನ ಕ್ಯಾನ್ಸರ್ ಗೆಡ್ಡೆ, ನಾಲ್ಕನೇ ಗ್ರೇಡು, ಅಂದರೆ ಬೇಗ ಬೆಳೆಯುವಂಥದ್ದು. ಸರ್ಜನ್ ಕಂಡಷ್ಟನ್ನೂ ತೆಗೆದಿದ್ದಾರೆ. ಆದರೆ ಈ ಗೆಡ್ಡೆ ಗರಿಕೆಯ ಹಾಗೆ, ಮೇಲೆ ಕಿತ್ತರೂ ಕಾಣದ ಎಳೆಗಳು ಸುತ್ತಲಿನ ಮಿದುಳಿನೊಳಗೆ ಉಳಿದಿರುತ್ತವೆ. ಅಲ್ಲೆಲ್ಲ ಕತ್ತರಿ ಹಾಕಿದರೆ ಮಾತೋ ಕೈಕಾಲೋ ಹೋಗಬಹುದು. ಹಾಗಾಗಿ ಗೆಡ್ಡೆ ಇದ್ದ ಜಾಗ, ಅದರ ಸುತ್ತ ಒಂದೂವರೆ ಎರಡು ಸೆಂಟಿಮೀಟರ್, ಅಷ್ಟಕ್ಕೆ ಮಾತ್ರ ರೇಡಿಯೇಶನ್. ಇಡೀ ತಲೆಗಲ್ಲ. ಸಿಟಿ, ಎಂಆರ್‌ಐ ಎರಡನ್ನೂ ಕೂಡಿಸಿ ನೋಡಿ, ಕಣ್ಣಿನ ನರ, ಬ್ರೈನ್‌ಸ್ಟೆಮ್ (ಮಿದುಳಿನ ಬುಡದ ಕಾಂಡ) ಎಲ್ಲಿವೆ ಅಂತ ಗುರುತು ಹಾಕಿ, ಅವಕ್ಕೆ ಆದಷ್ಟು ಕಡಿಮೆ ತಾಗುವ ಹಾಗೆ ಬೇರೆ ಬೇರೆ ಕಡೆಯಿಂದ ಕಿರಣ ಬಿಡುತ್ತಾರೆ.

ನಿನ್ನೆ ಮಾಸ್ಕ್ ಮಾಡಿದರು. ಬಲೆಯಂಥ ಪ್ಲಾಸ್ಟಿಕ್ ಹಾಳೆ, ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಅದನ್ನು ಮುಖದ ಮೇಲೆ ಎಳೆದು ಟೇಬಲ್ಲಿಗೆ ಸಿಕ್ಕಿಸಿದರು, ಸ್ವಲ್ಪ ಹೊತ್ತಿಗೆಲ್ಲ ಅಮ್ಮನ ಮೂಗು, ಗಲ್ಲದ ಅಚ್ಚು ಗಟ್ಟಿಯಾಗಿ ಕೂತಿತು. ತಲೆ ಅಲ್ಲಾಡಿದರೆ ಗುರಿ ತಪ್ಪುತ್ತೆ, ಅದಕ್ಕೆ. ಬಿಚ್ಚಿದಾಗ ಹಣೆ ತುಂಬ ಚೌಕಳಿ ಗುರುತು. "ಉಸಿರೇನೂ ಕಟ್ಟಲಿಲ್ಲ ಕಣ್ರೀ, ಬೆಚ್ಚಗಿತ್ತು" ಅಂದಳು.

ವಾರಕ್ಕೆ ಐದು ದಿನ, ಆರು ವಾರ. 30 ಸಲಕ್ಕೆ ಒಟ್ಟು 60 ಗ್ರೇ (ರೇಡಿಯೇಶನ್ ಅಳೆಯುವ ಲೆಕ್ಕ). ಜೊತೆಗೆ ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆ, ಖಾಲಿ ಹೊಟ್ಟೆಗೆ, ಶನಿವಾರ ಭಾನುವಾರವೂ ಬಿಡೋ ಹಾಗಿಲ್ಲ. ಕಿರಣ ಬೀಳುವಾಗ ನೋವಿಲ್ಲ. ಆಮೇಲಾಮೇಲೆ ಸುಸ್ತು ಜಾಸ್ತಿ ಆಗುತ್ತೆ, ಕಿರಣ ಬಿದ್ದ ಕಡೆ ಕೂದಲು ಉದುರುತ್ತೆ. ನೀನು ಅವಳನ್ನು ತಬ್ಬಿಕೊಂಡೇ ಮಲಗಬಹುದು, ಅವಳ ಮೈಯಿಂದ ಯಾರಿಗೂ ಕಿರಣ ತಾಗಲ್ಲ.

ನಿನ್ನ ಹತ್ತಿರ ಮುಚ್ಚಿಡಲ್ಲ. ಪೂರ್ತಿ ವಾಸಿಯಾಗುತ್ತೆ ಅಂತ ಡಾಕ್ಟರ್ ಹೇಳಿಲ್ಲ. 2005ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಬರೀ ರೇಡಿಯೇಶನ್ ತಗೊಂಡವರಲ್ಲಿ ನೂರಕ್ಕೆ ಸುಮಾರು 10 ಜನ ಎರಡು ವರ್ಷ ದಾಟಿದ್ದರು. ಮಾತ್ರೆಯೂ ಸೇರಿದಾಗ 26. ಆ ಇಪ್ಪತ್ತಾರರಲ್ಲಿ ಅಮ್ಮ ಇರಬೇಕು ಅಂತಲೇ ನಾನು ಓಡಾಡುತ್ತಿರುವುದು. ಮೊದಲು ನಾಟಿ ಔಷಧಿ ಕೊಡಿಸಿ ನೋಡಿ, ಅವಸರ ಯಾಕೆ ಅನ್ನುವ ನೆಂಟರ ಮಾತಿಗೆ ಒಂದು ದಿನವನ್ನೂ ಕಳೆಯಲ್ಲ.

ಮುಗಿದು ತಿಂಗಳ ಹೊತ್ತಿಗೆ ಎಂಆರ್‌ಐ ಇರುತ್ತೆ. ಅದರಲ್ಲಿ ಗೆಡ್ಡೆ ಬೆಳೆದ ಹಾಗೆ ಕಂಡರೂ ಕೆಲವು ಸಲ ಅದು ಚಿಕಿತ್ಸೆಯಿಂದಾದ ಊತವೇ ಇರಬಹುದಂತೆ. ಡಾಕ್ಟರ್ ಹೇಳುವ ಮುಂಚೆ ರಿಪೋರ್ಟ್ ಓದಿ ಸುಮ್ನೆ ಹೆದರಿಕೋಬೇಡ.

ಬರುವಾಗ ಮೆತ್ತನೆ ಹತ್ತಿ ಸ್ಕಾರ್ಫ್ ಒಂದೆರಡು ತಗೊಂಡು ಬಾ. ಪರೀಕ್ಷೆ ಮುಗಿಸಿಯೇ ಬರಬೇಕಂತೆ, ಅಮ್ಮ ಹೇಳಿದ್ದಾಳೆ.

ಇಂತಿ ನಿನ್ನ ಅಪ್ಪ