ಇನ್ನೋವಾ ಕೊಡುವ ಮುಂಚೆ ಇದನ್ನು ಓದಿ, ಅಪ್ಪಾ

ಟ್ರಾಯ್, ಮಿಷಿಗನ್
16-11-2025

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಮಕ್ಕಳಿಗೆ ನೆಗಡಿ ಇತ್ತು, ಈಗ ಕಡಿಮೆ ಆಗಿದೆ. ಮೊನ್ನೆ ಫೋನಿನಲ್ಲಿ ನೀವು "ಏಜೆಂಟ್ 3 ಲಕ್ಷ 75 ಸಾವಿರ ಅಂತಾನ, ಹಳೇ ಗಾಡಿಗೆ ಇನ್ನೆಷ್ಟ ಬರತೈತಿ ಬೇ" ಅಂದಿರಿ. ಅವ್ವ ಪಕ್ಕದಲ್ಲಿ ಬೇಡ ಬೇಡ ಅನ್ನುತ್ತಿದ್ದಳು. ಅವತ್ತಿನಿಂದ ನನಗೆ ಅದೇ ಚಿಂತೆ. ಲೆಕ್ಕದ ಮಾತು ಫೋನಿನಲ್ಲಿ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪ್ರಿಂಟ್ ತೆಗೆದುಕೊಡಲು ತಮ್ಮನಿಗೆ ಹೇಳಿದ್ದೇನೆ. ಪೂರ್ತಿ ಓದುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಹೋದ ತಿಂಗಳು ನಾವೂ ನಮ್ಮ ಮಿನಿವ್ಯಾನ್ ಮಾರಿದೆವು. ನೀವು, ಅವ್ವ ಬಂದಾಗ ನಯಾಗರಾಕ್ಕೆ ಹೋಗಿದ್ದೆವಲ್ಲ, ಅದೇ ಹೋಂಡಾ ಒಡಿಸ್ಸಿ. 2009ರ ಗಾಡಿ, 1,52,000 ಮೈಲಿ ಓಡಿತ್ತು. ಕಿಲೋಮೀಟರಿನಲ್ಲಿ ಹೇಳಿದರೆ ಸುಮಾರು 2,45,000. ಹೊಸ ಗಾಡಿ ನೋಡಲು ಹೋದ ಕಡೆ ಇದಕ್ಕೆ 1,500 ಡಾಲರ್ ಅಂದರು. ಒಂದು ಸುತ್ತು ನಡೆದು ನೋಡಿದರು, ಬಾನೆಟ್ ಕೂಡ ತೆಗೆಯಲಿಲ್ಲ. ನಮ್ಮ ಮನೆಯವರು "ಕೊಟ್ಟುಬಿಡೋಣ" ಅಂದರು. ನನಗೆ ಮನಸ್ಸಾಗಲಿಲ್ಲ.

ಇಲ್ಲಿ ಕೆಲ್ಲಿ ಬ್ಲೂ ಬುಕ್ ಅಂತ ಒಂದಿದೆ. 1926ರಿಂದ ಹಳೇ ಕಾರುಗಳ ಬೆಲೆ ಹೇಳುತ್ತಾ ಬಂದಿದೆ, ಈಗ ಫೋನಿನಲ್ಲೇ ನೋಡಬಹುದು. ಒಂದೇ ಗಾಡಿಗೆ ಅದರಲ್ಲಿ ಬೇರೆ ಬೇರೆ ಬೆಲೆ ಇರುತ್ತದೆ. ಡೀಲರಿಗೆ ಕೊಟ್ಟರೆ ಒಂದು, ಬಳಸುವವರಿಗೆ ನೇರವಾಗಿ ಮಾರಿದರೆ ಒಂದು, ಡೀಲರಿನಿಂದ ಕೊಂಡರೆ ಇನ್ನೊಂದು. ನೋಡಿದ ಕೂಡಲೇ ಸಿದ್ಧೇಶ್ವರ ಜಾತ್ರೆಯ ದನದ ಸಂತೆ ನೆನಪಾಯಿತು. ಟವೆಲ್ಲಿನ ಅಡಿ ಬೆರಳು ಹಿಡಿದು ದಲ್ಲಾಳಿ ಹೇಳುವ ಬೆಲೆಯೇ ಬೇರೆ, ರೈತ ರೈತನಿಗೆ ಕೊಡುವ ಬೆಲೆಯೇ ಬೇರೆ ಅಂತ ನೀವೇ ತೋರಿಸಿಕೊಟ್ಟಿದ್ದಿರಿ ಅಲ್ವಾ?

ಆಮೇಲೆ 120 ಡಾಲರ್ ಕೊಟ್ಟು ಒಂದು ಗ್ಯಾರೇಜಿನಲ್ಲಿ ಗಾಡಿಯನ್ನು ಪೂರ್ತಿ ತಪಾಸಣೆ ಮಾಡಿಸಿದೆ. ಹಿಂದಿನ ಬ್ರೇಕ್ ಸವೆದಿದೆ, ಎರಡು ಟೈರ್ ಹೋಗಿವೆ, ಕೆಳಗಡೆ ತುಕ್ಕು ಹಿಡಿದಿದೆ ಅಂತ ಬರೆದುಕೊಟ್ಟರು. ಇಲ್ಲಿ ತುಕ್ಕು ತಪ್ಪಿದ್ದಲ್ಲ. ಹಿಮ ಕರಗಲಿ ಅಂತ ಚಳಿಗಾಲವಿಡೀ ರಸ್ತೆಗೆ ಉಪ್ಪು ಹಾಕುತ್ತಾರೆ. ಡೆಟ್ರಾಯಿಟ್ ಊರಿನ ಕೆಳಗೇ ಸಾವಿರ ಅಡಿಗಿಂತ ಆಳದಲ್ಲಿ ಉಪ್ಪಿನ ಗಣಿ ಇದೆ, ಗೊತ್ತಾ? ಆದರೆ ಒಂದು ವಿಷಯ ನಮ್ಮ ಕಡೆ ಇತ್ತು. ಆ ಇಂಜಿನ್ನಿನ ಟೈಮಿಂಗ್ ಬೆಲ್ಟನ್ನು ಸುಮಾರು ಒಂದು ಲಕ್ಷ ಮೈಲಿಗೆ ಬದಲಿಸಬೇಕು. ಅದು ಹರಿದರೆ ಇಂಜಿನ್ನೇ ಹೋಗುತ್ತದೆ. ನಾವು ಬದಲಿಸಿದ್ದೆವು, ಬಿಲ್ಲೂ ಇತ್ತು. ನೋಡಲು ಬಂದವರ ಕೈಗೆ ತಪಾಸಣೆಯ ಕಾಗದ, ಆ ಬಿಲ್ಲು ಎರಡನ್ನೂ ಮೊದಲೇ ಕೊಟ್ಟೆ. ಬ್ರೇಕು, ಟೈರಿನ ಖರ್ಚು ಕಳೆದು 3,400 ಡಾಲರ್ ಕೇಳಿದೆ. ಎರಡನೆಯವರೇ ಕೊಂಡರು. ಜಾಸ್ತಿ ಚೌಕಾಸಿ ಕೂಡ ಮಾಡಲಿಲ್ಲ.

ಹಳೇ ಗಾಡಿ ಕೊಳ್ಳುವವರು ವರ್ಷ ನೋಡಿ ಅಷ್ಟು ಹೆದರುವುದಿಲ್ಲ ಅಪ್ಪಾ. ಮನೆಗೆ ತಂದ ಮೇಲೆ ಆರು ತಿಂಗಳಲ್ಲಿ ಎಷ್ಟು ಖರ್ಚು ಬರುತ್ತದೋ ಅಂತ ಹೆದರುತ್ತಾರೆ. ಆ ಖರ್ಚು ಇಷ್ಟೇ ಅಂತ ನಾವೇ ತೋರಿಸಬೇಕು. ನಾವು ತೋರಿಸದಿದ್ದರೆ ಏಜೆಂಟ್ ತನಗೆ ಬೇಕಾದ ಲೆಕ್ಕ ತೋರಿಸುತ್ತಾನೆ.

ಈಗ ನಿಮ್ಮ ಏಜೆಂಟ್ ಹೇಳಿದ ಮಾತುಗಳಿಗೆ ಬರುತ್ತೇನೆ.

"ಡೀಸೆಲ್ ಗಾಡಿ 10 ವರ್ಷಕ್ಕೆ ಬಂದ್" ಅಂದನಂತೆ. ಆ ನಿಯಮ ಬಂದದ್ದು ದಿಲ್ಲಿಗೆ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ, ನಮ್ಮ ವಿಜಯಪುರಕ್ಕಲ್ಲ. ನಮ್ಮ ಗಾಡಿ 2012ರ ಆಗಸ್ಟಿನದು. ಆರ್‌ಸಿ (ನೋಂದಣಿ ಪತ್ರ) 15 ವರ್ಷ, ಅಂದರೆ 2027ರ ಆಗಸ್ಟಿನವರೆಗೆ ನಡೆಯುತ್ತದೆ. ಆಮೇಲೆ ಆರ್‌ಟಿಓದಲ್ಲಿ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಇನ್ನೂ 5 ವರ್ಷಕ್ಕೆ ನವೀಕರಿಸಬಹುದು. ಆ ಖರ್ಚು ಕೊಳ್ಳುವವರಿಗೆ ಬರುತ್ತದೆ, ಹಾಗಾಗಿ ಬೆಲೆಯಲ್ಲಿ ಸ್ವಲ್ಪ ಬಿಡುವುದು ನ್ಯಾಯ. ಆದರೆ ಸ್ವಲ್ಪವೇ.

"ಇನ್ಶೂರೆನ್ಸಿನಲ್ಲೇ 3 ಲಕ್ಷ ಅಂತ ಇದೆ" ಅಂತಲೂ ಅಂದನಂತೆ. ಅಲ್ಲಿ ಬರೆದಿರುವುದು ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕಂಪನಿ ಕೊಡುವ ಮೊತ್ತ. 5 ವರ್ಷ ದಾಟಿದ ಗಾಡಿಗೆ ಅದನ್ನು ಕಂಪನಿ ಮತ್ತು ನಾವು ಮಾತಾಡಿಕೊಂಡೇ ಗೊತ್ತು ಮಾಡುವುದು. ಪ್ರೀಮಿಯಂ ಕಡಿಮೆ ಬರಲಿ ಅಂತ ನಾವೇ ಕಡಿಮೆ ಬರೆಸಿದ್ದೆವು, ನೆನಪಿದೆಯಾ? ಅದು ಸಂತೆಯ ಬೆಲೆ ಅಲ್ಲವೇ ಅಲ್ಲ. ಇಷ್ಟು ವರ್ಷ ಕ್ಲೇಮ್ ಮಾಡದೆ ಬಂದ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ನಿಮ್ಮದು, ಗಾಡಿಯದಲ್ಲ. ಅದರ ಪತ್ರ ಕೇಳಿ ಇಟ್ಟುಕೊಳ್ಳಿ, ತಮ್ಮ ಹೇಳುತ್ತಿದ್ದ ಹೊಸ ಕಾರಿಗೆ ಬರುತ್ತದೆ.

ಮಾರಾಟಕ್ಕಿರುವ ನಮ್ಮಂಥದೇ ಏಳು ಗಾಡಿಗಳ ವಿವರ ತಮ್ಮ ಹುಡುಕಿ ಕಳಿಸಿದ. ಎಲ್ಲವೂ ಇನ್ನೋವಾದ ಜಿಎಕ್ಸ್ ಮಾದರಿ, 2011ರಿಂದ 2013ರೊಳಗಿನವು, ವೈಟ್ ಬೋರ್ಡ್. ಯೆಲ್ಲೋ ಬೋರ್ಡಿನ ಬಾಡಿಗೆ ಗಾಡಿಗಳನ್ನು ಬಿಟ್ಟೆವು, ಅವುಗಳ ಓಟವೇ ಬೇರೆ. ಮೇಲಿನದೊಂದು, ಕೆಳಗಿನದೊಂದು ತೆಗೆದೆ. ಉಳಿದ ಐದನ್ನು ಕೂಡಿಸಿ ಭಾಗಿಸಿದರೆ 5 ಲಕ್ಷ 80 ಸಾವಿರ ಬಂತು. ಅದು ಅವರು ಕೇಳುವ ಬೆಲೆ, ಸಿಗುವುದು ಅದಕ್ಕಿಂತ ಕಡಿಮೆ. 50 ಸಾವಿರ ತೆಗೆದೆ. ಆರ್‌ಸಿ ನವೀಕರಣಕ್ಕೆ, ಎಡಬಾಗಿಲಿನ ಗೀರಿಗೆ, ಎಸಿಗೆ ಅಂತ ಇನ್ನೂ 30 ಸಾವಿರ ತೆಗೆದೆ. ನಮ್ಮೂರ ಬಿಸಿಲಿಗೆ ರಬ್ಬರ್ ಪೈಪು, ಬುಷ್ಷುಗಳು ಬಿರುಕು ಬಿಡುತ್ತವೆ, ಅದನ್ನು ಮಿಸ್ತ್ರಿಗೆ ತೋರಿಸಿಬಿಡಿ. ಆದರೆ ಒಣ ಹವೆ ನಮಗೆ ಒಳ್ಳೆಯದನ್ನೂ ಮಾಡಿದೆ. ಸಮುದ್ರ ಇಲ್ಲ, ರಸ್ತೆಗೆ ಉಪ್ಪಿಲ್ಲ. ಗಾಡಿಯ ತಳ ತೊಳೆಸಿ, ಬಂದವರಿಗೆ ಬಗ್ಗಿ ನೋಡಲು ಹೇಳಿ. ಇಲ್ಲಿ 13 ವರ್ಷದ ಗಾಡಿಯ ತಳ ಅಷ್ಟು ಚೊಕ್ಕ ಇದ್ದರೆ ಜನ ಬೆರಗಾಗುತ್ತಾರೆ. ಸಿಂಗಲ್ ಓನರ್, 1,70,000 ಕಿ.ಮೀ., ಕಳೆದ ದೀಪಾವಳಿಗೆ ಹಾಕಿಸಿದ ಟೈರುಗಳು, ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು, ಇವೂ ನಮ್ಮ ಕಡೆ ಇವೆ. ಆ ಬಿಲ್ಲು ದೇವರ ಕೋಣೆಯ ಕಪಾಟಿನಲ್ಲಿ ಇದೆ ಅಂತ ಅವ್ವ ಹೇಳಿದಳು. ನನ್ನ ಲೆಕ್ಕದಲ್ಲಿ 5 ಲಕ್ಷ 40 ಸಾವಿರ ಕೇಳಿ, 5ರ ಕೆಳಗೆ ಇಳಿಯಬೇಡಿ.

ಸೋಲಾಪುರದವರು ಜಾಸ್ತಿ ಕೊಡುತ್ತಾರೆ ಅಂತ ಕಾಕಾ ಅಂದರಂತೆ. ಕೊಡಬಹುದು. ಆದರೆ ಗಾಡಿ ಮಹಾರಾಷ್ಟ್ರಕ್ಕೆ ಹೋಗಬೇಕಾದರೆ ನಮ್ಮ ಆರ್‌ಟಿಓದಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಓಸಿ ಬೇಕು, ಅಲ್ಲಿಯ ತೆರಿಗೆಯನ್ನು ಅವರು ಕಟ್ಟಬೇಕು. ಅದನ್ನೆಲ್ಲ ಕಡೆಗೆ ನಮ್ಮ ಬೆಲೆಯಿಂದಲೇ ಕಳೆಯುತ್ತಾರೆ. ನಮ್ಮ ಜಿಲ್ಲೆಯವರೇ ಸಿಕ್ಕರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುತ್ತೇನೆ. ಗಾಡಿಯನ್ನು ಇನ್ನೊಬ್ಬರ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿ ಕೊಡಬೇಡಿ. ಏಜೆಂಟರು ಅದನ್ನು ಇಟ್ಟುಕೊಂಡು, ತಮ್ಮ ಹೆಸರಿಗೆ ಮಾಡಿಕೊಳ್ಳದೆ, ಇನ್ನೊಬ್ಬರಿಗೆ ಮಾರುತ್ತಾರೆ. ನಡುವೆ ಅಪಘಾತವಾದರೆ ಪರಿಹಾರದ ಕೇಸು ನಿಮ್ಮ ಮನೆಗೆ ಬರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಳ್ಳುವವರ ಹೆಸರು, ವಿಳಾಸ ನಿಮ್ಮ ಕಣ್ಣೆದುರಿಗೇ ತುಂಬಿಸಿ, ನೀವೇ ಜೊತೆಗೆ ಆರ್‌ಟಿಓಗೆ ಹೋಗಿ. ಇನ್ನೊಂದು, ಸಾಲ ತೀರಿ ಎಷ್ಟೋ ವರ್ಷ ಆಯಿತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿ. ಇದ್ದರೆ ಬ್ಯಾಂಕಿನ ಪತ್ರ, ಫಾರ್ಮ್ 35 ಕೊಟ್ಟು ಮೊದಲು ತೆಗೆಸಬೇಕು. ಆರ್‌ಸಿಯ ಎರಡೂ ಬದಿಯ ಫೋಟೋ ಇವತ್ತೇ ಕಳಿಸಿ.

ನೀವು ಮಾರುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಮೊಣಕಾಲು ನೋವಿನಲ್ಲಿ ಆ ಕ್ಲಚ್ ತುಳಿಯುವುದು ಕಷ್ಟ ಅಂತ ಗೊತ್ತು. ಆದರೆ ನನ್ನ ಮದುವೆಗೆ ಬೀಗರನ್ನು ಕರೆತಂದ ಗಾಡಿ ಅದು. ಪ್ರತಿ ಸಂಕ್ರಾಂತಿಗೆ ತೊಳೆದು, ಕಬ್ಬು ಕಟ್ಟಿ, ಪೂಜೆ ಮಾಡಿದ ಗಾಡಿ. ಅದನ್ನು ಯಾರೋ ಸುಮ್ನೆ ಅಗ್ಗಕ್ಕೆ ಹೊಡೆದುಕೊಂಡು ಹೋಗುವುದನ್ನು ನನ್ನಿಂದ ನೋಡಲಾಗದು.

ಕೊಡುವ ದಿನ ನನಗೆ ವಿಡಿಯೋ ಕಾಲ್ ಮಾಡಿ, ಇಲ್ಲಿ ರಾತ್ರಿ ಎಷ್ಟೇ ಹೊತ್ತಾಗಿರಲಿ. ಕೀ ಕೊಡುವ ಮುಂಚೆ ಡ್ಯಾಶ್‌ಬೋರ್ಡಿನ ಮೇಲಿನ ಸಿದ್ಧೇಶ್ವರನ ಫೋಟೋ ತೆಗೆದು ಅವ್ವನ ಕೈಗೆ ಕೊಡಿ.

ನಿಮ್ಮ ಮಗಳು