ಅಕ್ಕಿ ಕಪಾಟು: ಮಳೆಗಾಲ ಹಿಡಿಯುವ ಮೊದಲು

ಎಲ್ಲರಿಗೂ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬಲೆ ಎಳೆಯುವವರಿಗೂ ಬುಟ್ಟಿ ಹೊತ್ತು ಮೀನು ಮಾರುವ ಅಕ್ಕಂದಿರಿಗೂ ದುಡಿಮೆ ನಿಲ್ಲುತ್ತದೆ. ಕೊಡುವವರು ಅಕ್ಕಿ, ಬೇಳೆ ತಂದಿಟ್ಟು, ಬೇಕಾದವರು ಒಯ್ಯುವ ನಮ್ಮ ಈ ಕಪಾಟು ಬೇಗ ಖಾಲಿಯಾಗುವುದೂ ಆಗಲೇ.

ಹೊಸದಾಗಿ ಸೇರಿದವರಿಗೆ ಹೇಳುತ್ತೇನೆ: 2019ರ ಆಗಸ್ಟ್‌ನಲ್ಲಿ ಕಾಳಿ ನದಿ ಉಕ್ಕಿ ದಡದ ಮನೆಗಳಿಗೆ ನೀರು ನುಗ್ಗಿದಾಗ ನಾವು ಕೆಲವರು ಅಕ್ಕಿ, ಬೇಳೆ ಒಟ್ಟುಮಾಡಿದ್ದೆವು. ನೀರು ಇಳಿಯಿತು, ಕೇಳಿಕೊಂಡು ಬರುವವರು ಮಾತ್ರ ನಿಲ್ಲಲಿಲ್ಲ. ಉಳಿದ ಮೂಟೆಗಳಿಂದಲೇ ಈ ಕಪಾಟು ಶುರುವಾಯಿತು.

ಈಗ ಬೇಕಾಗಿರುವುದು ಕುಚ್ಚಲಕ್ಕಿ, ತೊಗರಿಬೇಳೆ, ತೆಂಗಿನೆಣ್ಣೆ, ಬೆಲ್ಲ. ರವೆ, ಮೈದಾ ಸದ್ಯ ಬೇಡ. ಮೊನ್ನೆ ಕೆಳಗಿನ ಡಬ್ಬ ತೆರೆದರೆ ರವೆ ತೇವಕ್ಕೆ ಹೆಂಟೆಗಟ್ಟಿ, ಮುಚ್ಚಳದ ಒಳಗೆಲ್ಲ ಹುಳು ಬಲೆ ನೇಯ್ದಿತ್ತು. ಯಾರೋ ಪ್ರೀತಿಯಿಂದ ಕೊಟ್ಟದ್ದನ್ನು ಎಸೆಯುವಾಗ ಕರುಳು ಚುರುಕ್ ಎಂದಿತು. ಅಕ್ಕಿಯನ್ನು ಬಿಸಿಲು ತೋರಿಸಿ, ಒಣ ಬೇವಿನೆಲೆ ಹಾಕಿ, ಬಿಗಿ ಮುಚ್ಚಳದ ಡಬ್ಬದಲ್ಲಿ ತನ್ನಿ. ತಂದ ದಿನಾಂಕದ ಚೀಟಿ ಅಂಟಿಸಿ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಒಯ್ಯುವವರ ಫೋಟೋ ತೆಗೆಯಬೇಡಿ. ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಬಂದು, ಒಂದು ಪಾವು ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಉಳಿದದ್ದರ ಮುಚ್ಚಳವನ್ನು ಜೋಪಾನವಾಗಿ ಮುಚ್ಚಿ ಹೋಗುವ ಅಜ್ಜಿಯನ್ನು ನಾನು ನೋಡಿದ್ದೇನೆ. ಫೋಟೋ ಬಂದರೆ ಅವರು ಮತ್ತೆ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಕಪಾಟು ತೊಳೆಯುವುದಿದೆ. ಬರುವವರು ಇಲ್ಲೇ ತಿಳಿಸಿ, ಹಳೆಯ ಬಟ್ಟೆ ತನ್ನಿ.