ಇನ್ಮೇಲೆ ನಮ್ಮ ಸ್ಕ್ರಿಪ್ಟ್‌ಗಳು ಜಿಪ್‌ನಲ್ಲಿ ಬರ್ತವೆ

ಎಲ್ಲರಿಗೂ ನಮಸ್ಕಾರ,

ನಮ್ಮ ಹತ್ರ ಅನಿಮೇಟ್‌ಗೆ (ಅಡೋಬಿಯ ಅನಿಮೇಶನ್ ಸಾಫ್ಟ್‌ವೇರ್) ಸ್ಕ್ರಿಪ್ಟ್, ಅಂದ್ರೆ ಕೆಲಸ ತಾನಾಗೇ ಮಾಡೋ ಚಿಕ್ಕ ಪ್ರೋಗ್ರಾಂ, ಮಾಡಿಸ್ಕೊಂಡಿರೋರಿಗೆ ಒಂದು ವಿಷಯ ಹೇಳ್ಬೇಕು. ಮುಂದಿನ ಅಪ್‌ಡೇಟ್‌ನಿಂದ ಜೆಡ್‌ಎಕ್ಸ್‌ಪಿ (ಅಡೋಬಿ ಸಾಫ್ಟ್‌ವೇರ್‌ಗೆ ಎಕ್ಸ್‌ಟೆನ್ಶನ್ ಹಾಕೋ ಫೈಲ್) ಪ್ಯಾಕೇಜ್ ಕಳ್ಸಲ್ಲ. ಬದ್ಲಿಗೆ ಒಂದು ಜಿಪ್ ಬರುತ್ತೆ, ಒಳಗೆ ಜೆಎಸ್‌ಎಫ್‌ಎಲ್ (ಅನಿಮೇಟ್ ಸ್ಕ್ರಿಪ್ಟ್ ಬರೆಯೋ ಭಾಷೆ) ಫೈಲ್‌ಗಳು ಹಂಗೇ ಇರ್ತವೆ, ನೋಟ್‌ಪ್ಯಾಡ್‌ನಲ್ಲಿ ತೆಗೆದ್ರೆ ಕೋಡ್ ಪೂರ್ತಿ ಓದ್ಬಹುದು.

ಯಾಕಪ್ಪಾ ಅಂದ್ರೆ, ಜೆಎಸ್‌ಎಫ್‌ಎಲ್ ಬಂದಿದ್ದು ಫ್ಲ್ಯಾಶ್ ಎಂಎಕ್ಸ್ 2004 ಅನ್ನೋ ವರ್ಷನ್‌ನಲ್ಲಿ, ಆಗ ಎಂಎಕ್ಸ್‌ಪಿ (ಆಗಿನ ಪ್ಯಾಕೇಜ್) ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಸಾಕು ಎಕ್ಸ್‌ಟೆನ್ಶನ್ ಮ್ಯಾನೇಜರ್ ಅನ್ನೋ ಪ್ರೋಗ್ರಾಂ ಉಳಿದಿದ್ದೆಲ್ಲಾ ನೋಡ್ಕೋತಿತ್ತು, ಆಮೇಲೆ ಜೆಡ್‌ಎಕ್ಸ್‌ಪಿ ಬಂತು, ಸಿಸಿ 2015 ವರ್ಷನ್‌ಗೆ ಆ ಮ್ಯಾನೇಜರೇ ಹೋಯ್ತು, 2016ರಲ್ಲಿ ಫ್ಲ್ಯಾಶ್ ಹೆಸ್ರು ಅನಿಮೇಟ್ ಆಯ್ತು. ಇಷ್ಟಾದ್ರೂ ಹಳೇ ಸ್ಕ್ರಿಪ್ಟ್‌ಗಳು ಎಷ್ಟೋ ಇವತ್ತಿಗೂ ಓಡ್ತವೆ, ಕೈಕೊಡೋದು ಸುತ್ತಲಿನ ಪ್ಯಾಕೇಜು. ಅದಕ್ಕೆ ಯಾರು ಮಾಡಿದ್ದು ಅಂತ ತೋರ್ಸೋ ಡಿಜಿಟಲ್ ಸರ್ಟಿಫಿಕೇಟ್ ಹಾಕಿ ಸೈನ್ ಮಾಡ್ಬೇಕು, ಸೈನ್ ಮಾಡುವಾಗ ಟೈಮ್‌ಸ್ಟ್ಯಾಂಪ್ (ಸೈನ್ ಮಾಡಿದ ಸಮಯದ ಗುರುತು) ಇಲ್ದಿದ್ರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನ ಚೆನ್ನಾಗಿರೋ ಸ್ಕ್ರಿಪ್ಟೂ ಇನ್‌ಸ್ಟಾಲ್ ಆಗಲ್ಲ. ನಿಮ್ಮ ಪ್ರಾಜೆಕ್ಟ್ ಇರೋವರೆಗೂ ನಿಮ್ಮ ಸ್ಕ್ರಿಪ್ಟ್ ಓಡ್ಬೇಕು, ನಮಗೆ ಅದೇ ಮುಖ್ಯ.

ಹಾಕ್ಕೊಳ್ಳೋದು ಸುಲಭ. ಜಿಪ್ ಬಿಚ್ಚಿ, ಕಮಾಂಡ್ಸ್ ಮೆನುನಲ್ಲಿ ರನ್ ಕಮಾಂಡ್ ಒತ್ತಿ, ಇನ್‌ಸ್ಟಾಲ್ ಅನ್ನೋ ಫೈಲ್ ತೋರ್ಸಿ. ಕಾನ್ಫಿಗರೇಶನ್ ಫೋಲ್ಡರ್ (ಅನಿಮೇಟ್ ತನ್ನ ಸೆಟ್ಟಿಂಗ್, ಕಮಾಂಡ್ ಇಡೋ ಜಾಗ) ಎಲ್ಲಿದೆ ಅಂತ ಅದು ಅನಿಮೇಟ್‌ನೇ ಕೇಳ್ಕೊಂಡು ಎಲ್ಲಾ ಸ್ಕ್ರಿಪ್ಟನ್ನೂ ಕಮಾಂಡ್ಸ್ ಫೋಲ್ಡರ್‌ಗೆ ಹಾಕುತ್ತೆ, ಅಡಗಿರೋ ಆಪ್‌ಡೇಟಾ ಫೋಲ್ಡರ್ ನೀವು ಹುಡುಕ್ಬೇಕಾಗಿಲ್ಲ. ಒಂದು ಎಚ್ಚರಿಕೆ: ಅದೇ ಹೆಸರಿನ ಫೈಲ್ ಇದ್ರೆ ಜೆಎಸ್‌ಎಫ್‌ಎಲ್‌ನಲ್ಲಿ ಕಾಪಿ ಆಗಲ್ಲ, ಅದಕ್ಕೆ ನಮ್ಮ ಇನ್‌ಸ್ಟಾಲ್ ಫೈಲ್ ಹಳೇದನ್ನ ಮೊದ್ಲು ಅಳಿಸುತ್ತೆ. ನೀವೇ ತಿದ್ದಿರೋ ಸ್ಕ್ರಿಪ್ಟ್ ಇದ್ರೆ ಬೇರೆ ಕಡೆ ಎತ್ತಿಟ್ಕೊಂಡು ಆಮೇಲೆ ರನ್ ಮಾಡಿ, ದಯವಿಟ್ಟು. ಮತ್ತೆ ಈ ಕಾನ್ಫಿಗರೇಶನ್ ಫೋಲ್ಡರ್ ವರ್ಷನ್‌ಗೊಂದು, ಭಾಷೆಗೊಂದು ಇರುತ್ತೆ, ಹಂಗಾಗಿ ಹೊಸ ಅನಿಮೇಟ್ ಹಾಕ್ಕೊಂಡಾಗ ಮೆನು ಖಾಲಿ ಕಂಡ್ರೆ ಗಾಬರಿ ಬೇಡ, ಇನ್ನೊಂದ್ಸಲ ಇನ್‌ಸ್ಟಾಲ್ ರನ್ ಮಾಡಿ.

ಫೈಲ್ ಹೆಸ್ರೇ ಮೆನುನಲ್ಲಿ ಕಾಣೋದು, ನಿಮ್ಗೆ ಬೇಕಾದಂಗೆ ಬದಲಾಯಿಸ್ಕೊಳ್ಳಿ. ಎಸ್‌ಡಬ್ಲ್ಯೂಎಫ್ ಪ್ಯಾನೆಲ್ (ಫ್ಲ್ಯಾಶ್ ಫೈಲಲ್ಲಿ ಮಾಡಿದ ಬಟನ್‌ಗಳ ಕಿಟಕಿ) ಹೊಸದಾಗಿ ಮಾಡಲ್ಲ, ಸೆಟ್ಟಿಂಗ್ ಕೇಳ್ಬೇಕಾದ ಕಡೆ ಚಿಕ್ಕ ಡೈಲಾಗ್ ಬರುತ್ತೆ.

ಕೋಡ್ ತಿದ್ದಿ, ನಿಮ್ಮ ಟೀಮಲ್ಲಿ ಎಲ್ಲರಿಗೂ ಕೊಡಿ, ನಮ್ಮನ್ನ ಕೇಳ್ಬೇಕಾಗಿಲ್ಲ. ಹೊರಗಿನವರಿಗೆ ಕೊಡೋ ಮುಂಚೆ ಮಾತ್ರ ಒಂದು ಮಾತು ಹೇಳಿ.

ಈಗಾಗ್ಲೇ ಹಾಕಿರೋ ಪ್ಯಾಕೇಜ್ ಓಡ್ತಿದ್ರೆ ಅರ್ಧ ಪ್ರಾಜೆಕ್ಟಲ್ಲಿ ಬದಲಾಯಿಸ್ಬೇಡಿ, ಮುಗಿಸ್ಕೊಂಡು ಮಾಡಿ. ಹೊಸದನ್ನ ಮೊದ್ಲು ಎಫ್‌ಎಲ್‌ಎ (ಅನಿಮೇಟ್ ಪ್ರಾಜೆಕ್ಟ್ ಫೈಲ್) ಕಾಪಿ ಮೇಲೆ ಓಡ್ಸಿ ನೋಡಿ, ಎರರ್ ಬಂದ್ರೆ ಔಟ್‌ಪುಟ್ ಪ್ಯಾನೆಲ್‌ನಲ್ಲಿ ಬಂದಿದ್ದನ್ನ ಹಂಗೇ ಕಾಪಿ ಮಾಡಿ ಅನಿಮೇಟ್ ವರ್ಷನ್ ಜೊತೆ ನಮಗೆ ಕಳ್ಸಿ.